ಎತ್ತುವ ವಿದ್ಯೆ, ಇಳಿಸುವ ವಿದ್ಯೆ

(ಶಾಲಾ ವಾರ್ಷಿಕೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಾಸರಗೋಡಿನ ಈ ಕನ್ನಡ ಶಾಲೆಯಲ್ಲಿ ಓದಿ, ಹೊಟ್ಟೆಪಾಡಿಗಾಗಿ ಕೊಲ್ಲಿ ನಾಡಿಗೆ ಹೋದ ಅನೇಕರಲ್ಲಿ ನಾವೂ ಒಬ್ಬರು. ಅಲ್ಲಿ ಗಳಿಸಿದುದರ ಕುರಿತು ನಾವು ಮಾತನಾಡುವೆವೆಂದು ತಾವು ಎಣಿಸಿರಬಹುದು. ಆದರೆ ನಿನ್ನೆ ಸಂಜೆ ಇದೇ ಅಂಗಳದಲ್ಲಿ ಕೆಲವು ಹುಡುಗರು, ನಾಲ್ಕು ಗಾಲಿಯ ಕ್ವಾಡ್ ಬೈಕೊಂದು ಮುಂದಿನ ಎರಡು ಗಾಲಿಗಳನ್ನೆತ್ತಿ ಓಡುವ ಚಿತ್ರವನ್ನು ಫೋನಿನಲ್ಲಿ ತೋರಿಸಿ, “ಮಾವ, ಇದನ್ನು ಕಲಿಯುವುದು ಹೇಗೆ?” ಎಂದು ಕೇಳಿದರು. ಬರಿದೆ ‘ಬೇಡ’ವೆಂದರೆ ಅವರು ಕೇಳುವವರಲ್ಲ, ಆ ವಯಸ್ಸಿನಲ್ಲಿ ನಾವೂ ಕೇಳಿದವರಲ್ಲ. ಆದುದರಿಂದ ಉತ್ತರವನ್ನು ಇಲ್ಲಿಯೇ ಹೇಳುತ್ತೇವೆ.

ಈ ವಾಹನದ ಚರಿತ್ರೆ ದೀರ್ಘವಾದುದಲ್ಲ. 1970ರಲ್ಲಿ ಜಪಾನಿನ ಹೋಂಡಾ ಸಂಸ್ಥೆ ಉಬ್ಬಿದ ಟೈರುಗಳ ಮೂರು ಗಾಲಿಯ ವಾಹನವನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. 1980ರ ದಶಕದ ಆರಂಭದಲ್ಲಿ ಸುಜುಕಿಯವರ ನಾಲ್ಕು ಗಾಲಿಯದು ಬಂದಿತು. ಅಪಘಾತಗಳು ಹೆಚ್ಚಿದ ಕಾರಣ 1988ರಲ್ಲಿ ಅಮೆರಿಕದ ಸರಕಾರಕ್ಕೂ ತಯಾರಕರಿಗೂ ಒಪ್ಪಂದವಾಗಿ, ಹೊಸ ಮೂರು ಗಾಲಿಯ ವಾಹನಗಳ ಮಾರಾಟ ಅಲ್ಲಿ ನಿಂತಿತು. ದೊಡ್ಡವರ ವಾಹನವನ್ನು 16 ವರ್ಷ ತುಂಬದವರು ಏರಕೂಡದೆಂಬ ಎಚ್ಚರಿಕೆಯೂ ಅಲ್ಲಿ ಉಂಟು.

2009ರಲ್ಲಿ ನಾವು ದುಬಾಯಿಯಲ್ಲಿದ್ದೆವು. ಆಗ ಅಲ್ಲಿ ಶುಕ್ರವಾರ ರಜೆ. ಹತ್ತಾ ರಸ್ತೆಯ ಬದಿಯ ಕೆಂಪು ಮರಳದಿಬ್ಬಗಳಿಗೆ ಸಂಗಡಿಗರೊಡನೆ ಹೋಗುತ್ತಿದ್ದೆವು. ನಮ್ಮ ಸೀಮೆಯವರೇ ಆದ ಮೆಕ್ಯಾನಿಕರೊಬ್ಬರಲ್ಲಿ ಹಳೆಯ ಕ್ವಾಡ್ ಬೈಕೊಂದಿತ್ತು. ಅವರನ್ನು ನಾವು ಅಣ್ಣನೆಂದೇ ಕರೆಯುತ್ತಿದ್ದೆವು. ಕಲಿಸಿಕೊಡಬೇಕೆಂದಾಗ ಅವರೆಂದರು: “ತಮ್ಮಾ, ಎತ್ತುವುದು ದೊಡ್ಡದಲ್ಲ. ಇಳಿಸುವುದನ್ನು ಮೊದಲು ಕಲಿ.”

ಎತ್ತಿನ ಗಾಡಿಯ ಹಿಂಬದಿಗೆ ಭಾರ ಹೆಚ್ಚಾದರೆ ಮೂಕಿ ಮೇಲೇಳುವುದನ್ನು ಹಿರಿಯರು ಕಂಡಿದ್ದೀರಿ. ಇಲ್ಲಿಯೂ ಸವಾರನು ಆಸನದ ಹಿಂದಕ್ಕೆ ಸರಿದು ತೋಳುಗಳನ್ನು ನೀಡಬೇಕು; ಒಮ್ಮೆ ಮುಂದಿನ ಸ್ಪ್ರಿಂಗುಗಳನ್ನು ಅದುಮಿ, ಅವು ಪುಟಿದೇಳುವಾಗಲೇ ಹೆಬ್ಬೆರಳಿನಿಂದ ವೇಗವನ್ನು ಹೆಚ್ಚಿಸಬೇಕು. ಆಗ ಮೂತಿ ಮೇಲೇಳುತ್ತದೆ. ಏಳುತ್ತ ಹೋದಂತೆ ಭಾರವೆಲ್ಲವೂ ಹಿಂದಿನ ಗಾಲಿಗಳ ನೇರಕ್ಕೆ ಬರುವ ಒಂದು ಬಿಂದುವುಂಟು. ಅದನ್ನು ದಾಟಿದರೆ ವಾಹನವು ಸವಾರನ ಮೇಲೆಯೇ ಮಗುಚುತ್ತದೆ. ದಾಟುವ ಮೊದಲು ಬಲಗಾಲಿನಿಂದ ಹಿಂದಿನ ಬ್ರೇಕನ್ನು ಮೆಲ್ಲನೆ ಅದುಮಿದರೆ ಗಾಲಿಗಳ ವೇಗ ತಗ್ಗಿ ಮೂತಿ ಕೆಳಗಿಳಿಯುತ್ತದೆ. ಬೀಳದಂತೆ ಕಾಯುವುದು ಈ ಪಾದವೇ. ಮುಂದಿನ ಗಾಲಿಗಳು ಆಕಾಶದಲ್ಲಿರುವಾಗ ಹ್ಯಾಂಡಲನ್ನು ತಿರುಗಿಸಿ ಫಲವಿಲ್ಲ. ಮೈಯ ಭಾರವನ್ನು ಅತ್ತಿತ್ತ ಸರಿಸಿಯೇ ದಾರಿ ಹಿಡಿಯಬೇಕು.

ಮೂರು ಶುಕ್ರವಾರ ಅಣ್ಣ ನಮ್ಮಿಂದ ಮಾಡಿಸಿದುದು ಇಷ್ಟೇ: ಗಾಲಿಯನ್ನು ಒಂದು ಗೇಣು ಎತ್ತುವುದು, ಬ್ರೇಕು ಅದುಮಿ ಇಳಿಸುವುದು. ನಮಗೆ ಬೇಸರ ಬಂದಿತು. ನಾಲ್ಕನೆಯ ವಾರ ಅವರು ಚಹಾಕ್ಕೆ ಹೋದಾಗ ನಾವೊಬ್ಬರೇ ಏರಿದೆವು. ಬಿದ್ದರೆ ಎಂಜಿನನ್ನು ನಿಲ್ಲಿಸುವ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಲೂ ಇಲ್ಲ. ಮೂತಿ ಎದ್ದಿತು, ನಾವು ಹಿಗ್ಗಿದೆವು, ಆ ಹಿಗ್ಗಿನಲ್ಲಿ ಪಾದವು ಬ್ರೇಕಿನಿಂದ ಜಾರಿತು. ಹೆದರಿದ ಕೈ ಹಿಡಿದುದನ್ನು ಬಿಗಿಯುತ್ತದೆ; ಹೆಬ್ಬೆರಳು ಇನ್ನಷ್ಟು ಅದುಮಿತು. ಮರುಕ್ಷಣ ನಾವು ಮರಳಿನಲ್ಲಿ, ವಾಹನ ನಮ್ಮ ಮೇಲೆ. ತಲೆಯನ್ನು ಹೆಲ್ಮೆಟ್ ಉಳಿಸಿತು, ಕೊರಳೆಲುಬು ಮುರಿಯಿತು.

ಎರಡು ತಿಂಗಳು ಕೆಲಸವಿಲ್ಲ, ಸಂಬಳವಿಲ್ಲ. ಊರಿನಲ್ಲಿ ತಂಗಿಯ ಕಾಲೇಜಿನ ಶುಲ್ಕ ಕಟ್ಟುವ ಸಮಯ. ಮೆಟ್ಟಿಲಿನಲ್ಲಿ ಜಾರಿದೆವೆಂದು ಅಮ್ಮನಿಗೆ ಸುಳ್ಳು ಹೇಳಿದೆವು. ಶುಲ್ಕ ಮಾತ್ರ ಸಕಾಲದಲ್ಲಿ ಸಂದಿತ್ತು. ಕಟ್ಟಿದವರು ಅಣ್ಣನೆಂದು ತಿಳಿದುದು ಒಂದು ವರ್ಷದ ಬಳಿಕ. ನಮ್ಮನ್ನು ಒಂದು ಮಾತೂ ಜರೆಯದ ಅವರು, ಎಲುಬು ಕೂಡಿದ ಮೇಲೆ ಅದೇ ಮರಳಿಗೆ ಕರೆದೊಯ್ದು, “ಒಂದು ಗೇಣು,” ಎಂದರು. ಈ ಬಾರಿ ಹಗ್ಗ ಮಣಿಕಟ್ಟಿನಲ್ಲಿತ್ತು, ಪಾದ ಬ್ರೇಕಿನ ಮೇಲಿತ್ತು. ತಿಂಗಳುಗಳು ಸಂದ ಮೇಲೆ ಇಪ್ಪತ್ತು ಮಾರು ದೂರ ಎರಡೇ ಗಾಲಿಗಳ ಮೇಲೆ ಓಡಿ, ಮೆತ್ತಗೆ ಇಳಿಸಿದೆವು. ಅಣ್ಣ ಮೆಚ್ಚಿದುದು ಓಟವನ್ನಲ್ಲ, ಇಳಿಸಿದುದನ್ನು.

ಹುಡುಗರೇ, ಇದೇ ನಮ್ಮ ಉತ್ತರ. ಆ ವಾಹನ ಡಾಮರು ರಸ್ತೆಗಾಗಿ ನಿರ್ಮಿತವಾದುದಲ್ಲ. ವಯಸ್ಸಾದ ಮೇಲೆ, ತೆರವಾದ ನೆಲದಲ್ಲಿ, ಬಲ್ಲವರ ಎದುರಿನಲ್ಲಿ ಕಲಿಯಬಹುದು. ನಿಮ್ಮ ಫೋನಿನ ಚಿತ್ರದಲ್ಲಿ ಎತ್ತಿದ ಗಾಲಿ ಕಾಣುತ್ತದೆ. ಬ್ರೇಕಿನ ಮೇಲಿನ ಪಾದ ಕಾಣುವುದಿಲ್ಲ. ನಮ್ಮ ತೋಟಗಳಲ್ಲಿ ಅಡಕೆ ಮರವೇರುವವನನ್ನು ನೋಡಿರಿ. ತುದಿಯಲ್ಲಿ ಗೊನೆ ಕೊಯ್ಯುವಾಗಲೂ ಅವನಿಗೆ ಇಳಿಯುವ ದಾರಿಯ ಅರಿವಿರುತ್ತದೆ. ಆ ಅರಿವು ಬಂದ ಮೇಲೆ ಏರಿರಿ. ನಿಮ್ಮ ಮನೆಯಲ್ಲಿಯೂ ಒಬ್ಬಳು ತಾಯಿ ಕಾದಿರುತ್ತಾಳೆಂಬುದನ್ನು ಮರೆಯಬೇಡಿರಿ.