ತರ್ಕ ಇಂಗ್ಲಿಷಿನವರ ಸ್ವತ್ತಲ್ಲ

(ಬೆಂಗಳೂರಿನಲ್ಲಿ ಪಿಯುಸಿ ವಿದ್ಯಾರ್ಥಿಗಳಿಗಾಗಿ ನಡೆದ ಭಾನುವಾರದ ಶಿಬಿರದಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಘೋಷಣೆ ಕೂಗಿ ಚಪ್ಪಾಳೆ ಗಿಟ್ಟಿಸಲು ನಾನು ಇಲ್ಲಿಗೆ ಬಂದಿಲ್ಲ. ಒಂದು ಪರೀಕ್ಷೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದು 1987ರಲ್ಲಿ ಸ್ಥಾಪನೆಯಾಯಿತು. ನಮ್ಮ ವಿಧಾನಮಂಡಲ ಮಾಡಿದ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ನಮ್ಮ ನೆಲದಲ್ಲಿ ನಿಂತಿರುವ ಸಂಸ್ಥೆ. ಅದರ ಗೇಟಿನ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಒಳಗೆ ಹೋಗುವ ಕನಸು ಕಂಡಿದ್ದಾರೆ?

ಒಳಗೆ ಹೋಗಲು ಕ್ಲ್ಯಾಟ್ ಬರೆಯಬೇಕು. 2008ರಲ್ಲಿ ಶುರುವಾದ ಪರೀಕ್ಷೆ ಇದು. ಈಗ 120 ಪ್ರಶ್ನೆ, 120 ನಿಮಿಷ. ಸರಿಯುತ್ತರಕ್ಕೆ 1 ಅಂಕ, ತಪ್ಪಿದರೆ ಕಾಲು ಅಂಕ ಕಡಿತ. ಇದರಲ್ಲಿ 22ರಿಂದ 26 ಪ್ರಶ್ನೆಗಳು ತರ್ಕದವು. ಒಂದು ಗದ್ಯಭಾಗ ಕೊಡುತ್ತಾರೆ, ಅದರ ವಾದವನ್ನು ಬಿಡಿಸಿ ನೋಡು ಎನ್ನುತ್ತಾರೆ. ಅಮೆರಿಕದಲ್ಲಿ 1948ರಿಂದ ನಡೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಯ ಹೃದಯವೂ ಇದೇ. ಅಲ್ಲಿ 2024ರ ಆಗಸ್ಟ್‌ನಲ್ಲಿ ಒಗಟಿನಂಥ ಪ್ರಶ್ನೆಗಳ ಭಾಗವನ್ನೇ ಕೈಬಿಟ್ಟು, ವಾದ ಪರೀಕ್ಷಿಸುವ ಪ್ರಶ್ನೆಗಳನ್ನು ಹೆಚ್ಚಿಸಿದರು.

ಹೋದ ವರ್ಷ ಒಬ್ಬ ಹುಡುಗ ನನ್ನ ಬಳಿ ಬಂದ. ತಂದೆ ಆಟೋ ಓಡಿಸುತ್ತಾರೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ‘ಲಾಜಿಕ್ ನನ್ನ ತಲೆಗೆ ಹತ್ತಲ್ಲ ಸಾರ್’ ಅಂದ. ನಾನು ಕೇಳಿದೆ: ‘ಈ ಬೀದಿಯಲ್ಲಿ ಲೈಸೆನ್ಸ್ ಇರುವ ಪ್ರತಿ ಅಂಗಡಿಗೂ ಕನ್ನಡ ಬೋರ್ಡಿದೆ. ಮೂಲೆಯ ಅಂಗಡಿಗೆ ಕನ್ನಡ ಬೋರ್ಡಿದೆ. ಹಾಗಾದರೆ ಅದಕ್ಕೆ ಲೈಸೆನ್ಸ್ ಇದೆಯಾ?’ ತಟ್ಟನೆ ಹೇಳಿದ: ‘ಹೇಳೋಕಾಗಲ್ಲ ಸಾರ್. ಬೋರ್ಡನ್ನ ಯಾರು ಬೇಕಾದ್ರೂ ಹಾಕ್ಕೋಬಹುದು. ಬೋರ್ಡಿಲ್ಲದ ಅಂಗಡಿ ಆದ್ರೆ ಲೈಸೆನ್ಸ್ ಇಲ್ಲ ಅಂತ ಗ್ಯಾರಂಟಿ ಹೇಳಬಹುದು.’ ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಹತ್ತು ನಿಮಿಷ ತಲೆ ಕೆರೆದುಕೊಂಡು ತಪ್ಪು ಉತ್ತರ ಬರೆದ.

ಆ ಹುಡುಗನಿಗೆ ಲಾಜಿಕ್ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು! ಅವನಿಗೆ ಗೊತ್ತಿಲ್ಲದ್ದು ಅದು ತೊಟ್ಟು ಬಂದ ವೇಷ. ಈ ಎರಡು ಕಷ್ಟಗಳನ್ನು ಬೇರೆಬೇರೆ ಮಾಡಿ. ಮೊದಲು ತರ್ಕವನ್ನು ಕನ್ನಡದಲ್ಲಿ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷಿನ ವೇಷ ಗುರುತಿಸಲು ಕಲಿಯಿರಿ.

ಹೇಗೆ? ಹೇಳುತ್ತೇನೆ, ಬರೆದುಕೊಳ್ಳಿ.

ಮೊದಲನೆಯದು, ತೀರ್ಮಾನ ಎಲ್ಲಿದೆ ಎಂದು ಹುಡುಕಿ. ‘ಮಳೆ ಬಂದಿದ್ದರಿಂದ ಆಟ ನಿಂತಿತು’ ಎನ್ನುತ್ತೇವೆ ನಾವು. ಕಾರಣ ಮೊದಲು, ಫಲ ಕೊನೆಗೆ. ಇಂಗ್ಲಿಷಿನಲ್ಲಿ ಎಷ್ಟೋ ಸಲ ತೀರ್ಮಾನವನ್ನು ಮೊದಲೇ ಹೇಳಿ, ‘ಬಿಕಾಸ್’ ಎಂದು ಕಾರಣಗಳನ್ನು ಆಮೇಲೆ ಜೋಡಿಸುತ್ತಾರೆ. ನಮ್ಮ ಹುಡುಗರು ರೂಢಿಬಲದಿಂದ ಕೊನೆಯ ವಾಕ್ಯವನ್ನೇ ತೀರ್ಮಾನ ಎಂದುಕೊಂಡು ಬೀಳುತ್ತಾರೆ. ಪ್ರತಿ ವಾಕ್ಯದ ಮುಂದೆ ‘ಆದ್ದರಿಂದ’ ಇಟ್ಟು ನೋಡಿ. ಯಾವುದಕ್ಕೆ ಉಳಿದೆಲ್ಲವೂ ಆಸರೆಯಾಗಿ ನಿಲ್ಲುತ್ತದೋ ಅದೇ ತೀರ್ಮಾನ.

ಎರಡನೆಯದು, ಸಣ್ಣ ಪದಗಳ ಮೋಸ. ‘ಓನ್ಲಿ ಇಫ್’ ಎಂದರೆ ‘ಇದ್ದರೆ ಮಾತ್ರ’. ‘ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ’ ಅಂದರೆ ಒಳಗಿರುವವರ ಬಳಿ ಟಿಕೆಟ್ ಇದೆ ಎಂದರ್ಥ. ಟಿಕೆಟ್ ಇದ್ದವರನ್ನೆಲ್ಲ ಬಿಟ್ಟೇಬಿಡುತ್ತಾರೆ ಎಂದಲ್ಲ, ಹೌಸ್‌ಫುಲ್ ಆಗಿರಬಹುದು! ‘ಅನ್‌ಲೆಸ್’ ಬಂದರೆ ‘ಇಲ್ಲದಿದ್ದರೆ’ ಎಂದು ಓದಿಕೊಳ್ಳಿ. ‘ಎಲ್ಲರೂ ಬರಲಿಲ್ಲ’ ಎಂಬ ನಮ್ಮದೇ ಮಾತಿಗೂ ಎರಡು ಅರ್ಥವಿದೆ: ಒಬ್ಬರೂ ಬರಲಿಲ್ಲ, ಅಥವಾ ಕೆಲವರಷ್ಟೇ ಬಂದರು. ಇಂಥ ಕಡೆ ಪೆನ್ಸಿಲ್ ನಿಲ್ಲಿಸಿ ಯೋಚಿಸಿ.

ಮೂರನೆಯದು, ಹೇಳದೆ ಬಿಟ್ಟ ಮಾತು. ಒಂದು ವಾದ ಕೇಳಿ: ‘ಕನ್ನಡ ಮಾಧ್ಯಮದ ಮಕ್ಕಳು ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆಯುತ್ತಾರೆ. ಆದ್ದರಿಂದ ಕನ್ನಡ ಮಾಧ್ಯಮದಲ್ಲಿ ತರ್ಕಶಕ್ತಿ ಬೆಳೆಯುವುದಿಲ್ಲ.’ ಕೋಪ ಬಂತೇ? ಕೋಪ ಬದಿಗಿಡಿ, ವಾದ ಬಿಡಿಸಿ. ಮೊದಲ ಮಾತು ನಿಜವೆಂದೇ ಇಟ್ಟುಕೊಳ್ಳೋಣ. ಇಲ್ಲಿ ಅಡಗಿರುವ ಊಹೆ ಯಾವುದು? ಆ ಪರೀಕ್ಷೆ ತರ್ಕವನ್ನು ಮಾತ್ರ ಅಳೆಯುತ್ತದೆ ಎಂಬುದು. ಈ ಊಹೆಯನ್ನು ತಿರುಗಿಸಿ ನೋಡಿ: ಪರೀಕ್ಷೆ ಇಂಗ್ಲಿಷ್ ಓದುವ ವೇಗವನ್ನೂ ಅಳೆಯುತ್ತದೆ ಎನ್ನಿ. ವಾದ ಕುಸಿದುಬಿತ್ತು! ಅವೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೊಟ್ಟಾಗಲೂ ಅಂಕ ಕಡಿಮೆಯೇ ಬಂದರೆ ವಾದಕ್ಕೆ ಬಲ ಬರುತ್ತದೆ. ಅಂಕ ಏರಿದರೆ ವಾದ ಸೊರಗುತ್ತದೆ. ಅದನ್ನು ನೋಡದೆಯೇ ತೀರ್ಪು ಕೊಟ್ಟರೆ ಅದು ತರ್ಕವಲ್ಲ, ಪೂರ್ವಗ್ರಹ.

ಇನ್ನೊಂದು ಮಾತು. ನಮ್ಮವರ ವೇದಿಕೆಯಲ್ಲೂ ಹೀಗೆ ಹೇಳುತ್ತಾರೆ: ‘ಕನ್ನಡ ಮಾಧ್ಯಮದಲ್ಲಿ ಓದಿ ದೊಡ್ಡ ನ್ಯಾಯಮೂರ್ತಿಗಳಾದವರಿದ್ದಾರೆ. ಆದ್ದರಿಂದ ಯಾರಿಗೂ ಯಾವ ತೊಡಕೂ ಇಲ್ಲ.’ ಇದೂ ಪೊಳ್ಳು ವಾದವೇ. ದಾಟಿದ ಕೆಲವರನ್ನು ತೋರಿಸಿ, ಮುಳುಗಿದವರನ್ನು ಮರೆಯುವ ವಾದ. ಎದುರಾಳಿಯ ತಪ್ಪನ್ನಷ್ಟೇ ಹಿಡಿದು ನಮ್ಮ ತಪ್ಪಿಗೆ ಚಪ್ಪಾಳೆ ತಟ್ಟುವವನು ಒಳ್ಳೆಯ ವಕೀಲನಾಗಲಾರ.

ಅಭ್ಯಾಸದ ಕ್ರಮ ಇಷ್ಟೇ. ಮೊದಲ ಒಂದು ತಿಂಗಳು ಗಡಿಯಾರ ನೋಡಬೇಡಿ. ದಿನಕ್ಕೆ ಒಂದೇ ಗದ್ಯಭಾಗ. ಸರಿಯುತ್ತರ ಗುರುತಿಸಿದರೆ ಸಾಲದು, ಉಳಿದ ಮೂರು ಏಕೆ ತಪ್ಪು ಎಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ವಿವರಿಸಲು ಆಗದಿದ್ದರೆ ನಿಮಗೆ ಅದು ಅರ್ಥವಾಗಿಲ್ಲ ಎಂದೇ ಲೆಕ್ಕ. ಎರಡನೇ ತಿಂಗಳಿಂದ ಗಡಿಯಾರ ಇಟ್ಟುಕೊಳ್ಳಿ. ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ತೀರ್ಮಾನವನ್ನು ಕನ್ನಡದ ಒಂದೇ ವಾಕ್ಯಕ್ಕೆ ಇಳಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆ ನಡೆಸುವವರೇ ಪ್ರಕಟಿಸುತ್ತಾರೆ, ಸಾವಿರಾರು ರೂಪಾಯಿ ಸುರಿಯುವ ಮೊದಲು ಅವನ್ನು ಮುಗಿಸಿ. ಪರೀಕ್ಷೆಯಲ್ಲಿ ಎರಡು ಉತ್ತರಗಳನ್ನು ಖಚಿತವಾಗಿ ಹೊಡೆದುಹಾಕಲು ಸಾಧ್ಯವಾದರೆ ಉಳಿದೆರಡರಲ್ಲಿ ಒಂದನ್ನು ಆರಿಸಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿ, ಎರಡು ತಪ್ಪಾದರೂ ಒಂದೂವರೆ ಅಂಕ ನಿಮ್ಮದೇ.

ಕೊನೆಯದಾಗಿ ಹಕ್ಕಿನ ಮಾತು. ವೈದ್ಯಕೀಯಕ್ಕೆ ನೀಟ್ ಬರೆಯುವವರಿಗೆ ಕನ್ನಡದ ಪ್ರಶ್ನೆಪತ್ರಿಕೆ ಇದೆ. ಎಂಜಿನಿಯರಿಂಗ್‌ಗೆ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಕ್ಲ್ಯಾಟ್ ಮಾತ್ರ 2024ರ ಡಿಸೆಂಬರ್‌ನಲ್ಲೂ ಇಂಗ್ಲಿಷಿನಲ್ಲೇ ನಡೆಯಿತು. ದೇಶಭಾಷೆಗಳಲ್ಲೂ ನಡೆಸಿ ಎಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವ ರೈತ ಕನ್ನಡದಲ್ಲೇ ನುಡಿಯುತ್ತಾನೆ. ಅವನ ಪರ ನಿಲ್ಲುವವರನ್ನು ಆರಿಸುವ ಪರೀಕ್ಷೆಗೆ ಆ ಭಾಷೆ ಬೇಡವೇ? ಕೇಳಲೇಬೇಕು. ಕೇಳುತ್ತಲೇ ಇರಬೇಕು.

ಆದರೆ ಬಾಗಿಲು ತೆರೆಯುವವರೆಗೆ ಹೊರಗೇ ಕೂರುತ್ತೇವೆ ಎನ್ನಬೇಡಿ. ಆ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25 ಮೀಸಲು ಇದೆ. ಪರೀಕ್ಷೆ ಬರೆಯದವನಿಗೆ ಅದರಿಂದ ಏನು ಬಂತು?

ಆ ಆಟೋ ಚಾಲಕರ ಮಗ ಮೊದಲ ಸಲ ತೇರ್ಗಡೆಯಾಗಲಿಲ್ಲ. ಈ ಸಲ ಮತ್ತೆ ಬರೆಯುತ್ತಿದ್ದಾನೆ. ಅವನ ನೋಟ್‌ಬುಕ್ ನೋಡಿದೆ, ಪುಟಪುಟವೂ ಕನ್ನಡದಲ್ಲಿದೆ. ‘ತಲೆಗೆ ಹತ್ತಲ್ಲ’ ಎಂಬ ಮಾತು ಅವನ ಬಾಯಲ್ಲಿ ಈಗಿಲ್ಲ. ನಿಮ್ಮ ಬಾಯಲ್ಲೂ ಇರಬಾರದು. ಇವತ್ತೇ ಒಂದು ನೋಟ್‌ಬುಕ್ ಕೊಳ್ಳಿ.