ಆ ದಿನ ಅವರಿಗೆ ಏನು ಗೊತ್ತಿತ್ತು?

ಇವತ್ತು ನಾನು ಎರಡು ಸಲ ಬರೆದು, ಎರಡು ಸಲಾನೂ ಪಕ್ಕಕ್ಕಿಟ್ಟ ಒಂದು ಅಧ್ಯಾಯದ ಬಗ್ಗೆ ಮಾತಾಡ್ತೀನಿ. ವಿಷಯ 2002ರ ಕಾವೇರಿ ಬಿಕ್ಕಟ್ಟು. ಆಗ ಮುಖ್ಯಮಂತ್ರಿ ಆಗಿದ್ದವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಮದ್ದೂರಿನ ಶಾಸಕರೂ ಅವರೇ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿಗೆ ಹೋಗಬೇಕು ಅಂತ ಕಾವೇರಿ ನ್ಯಾಯಮಂಡಳಿ 1991ರಲ್ಲೇ ಮಧ್ಯಂತರ ಆದೇಶ ಕೊಟ್ಟಿತ್ತು. ಮಳೆ ಚೆನ್ನಾಗಿ ಆದ ವರ್ಷ ಈ ಸಂಖ್ಯೆ ಯಾರಿಗೂ ನೆನಪಾಗಲ್ಲ. 2002ರಲ್ಲಿ ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರ್ 3ರಂದು ಸುಪ್ರೀಂ ಕೋರ್ಟ್ ದಿನಕ್ಕೆ 1.25 ಟಿಎಂಸಿ ಬಿಡಿ ಅಂತು. ಐದು ದಿನ ಕಳೆದು, ಪ್ರಧಾನಿ ವಾಜಪೇಯಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8ಕ್ಕೆ ಇಳಿಸಿತು. ನಮ್ಮ ಕನ್ನಂಬಾಡಿ ಕಟ್ಟೆ ಪೂರ್ತಿ ತುಂಬಿದರೆ ಹಿಡಿಯೋದು 49 ಟಿಎಂಸಿ ಚಿಲ್ಲರೆ. ದಿನಕ್ಕೆ 1.25ರಂತೆ ಅದೊಂದರಿಂದಲೇ ಬಿಟ್ಟರೆ, ತುಂಬಿದ ಕಟ್ಟೆಯೂ ನಲವತ್ತು ದಿನಕ್ಕೆ ಬರಿದು. ಆ ವರ್ಷ ಕಟ್ಟೆ ತುಂಬಿರಲೇ ಇಲ್ಲ.

ಅದೇ ತಿಂಗಳು ಕಬಿನಿ ಜಲಾಶಯಕ್ಕೆ ಹಾರಿ ಒಬ್ಬ ರೈತ ಪ್ರಾಣ ಬಿಟ್ಟರು. ಸರ್ಕಾರ ನೀರು ನಿಲ್ಲಿಸಿತು. ಕೋರ್ಟ್ ಮತ್ತೆ ಬಿಡಿ ಅಂದಾಗಲೂ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಕೃಷ್ಣ ಬೆಂಗಳೂರಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಆ ತಿಂಗಳು ಮುಗಿಯುವಷ್ಟರಲ್ಲಿ ನ್ಯಾಯಾಂಗ ನಿಂದನೆ ಪ್ರಕರಣದಲ್ಲಿ ಬೇಷರತ್ ಕ್ಷಮೆ ಕೇಳಿ, ನೀರು ಬಿಟ್ಟರು.

ಈಗ ನನ್ನ ತಪ್ಪಿಗೆ ಬರ್ತೀನಿ. ಮೊದಲ ಸಲ ಬರೆದಾಗ ನಾನು ಕಥೆಯನ್ನ ಕ್ಷಮಾಪಣೆಯಿಂದ ಶುರು ಮಾಡಿದ್ದೆ. ಕೊನೆಗೆ ಬಗ್ಗಲೇಬೇಕಾಯ್ತಲ್ಲ, ಹಾಗಾದ್ರೆ ಪಾದಯಾತ್ರೆ ಬರೀ ನಾಟಕ ಅನ್ನೋ ಧಾಟಿ. ಎರಡನೇ ಸಲ ಉಲ್ಟಾ ಹೊಡೆದೆ. ಕೋರ್ಟನ್ನೇ ಎದುರು ಹಾಕಿಕೊಂಡ ಮಣ್ಣಿನ ಮಗ ಅಂತ ಬರೆದೆ. ಓದೋಕೆ ಎರಡೂ ಚೆನ್ನಾಗಿದ್ದವು. ಆದರೆ ಎರಡರಲ್ಲೂ ಕೊನೆ ಏನಾಗುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ಕೃಷ್ಣ ಅವರಿಗೆ ಗೊತ್ತಿರಲಿಲ್ಲ.

ಬಿಕ್ಕಟ್ಟಿನಲ್ಲಿ ಸಿಕ್ಕ ನಾಯಕನ ಕಥೆ ಬರೆಯೋರು ಜಾರಿ ಬೀಳೋದು ಇಲ್ಲೇ. ಸೆಪ್ಟೆಂಬರ್ ಮೂರನೇ ವಾರದಲ್ಲಿ ಹಿಂಗಾರು ಹೇಗಿರುತ್ತೆ ಅಂತ ಯಾರಿಗೆ ಗೊತ್ತು? ನೀರು ಬಿಟ್ಟರೆ ಇನ್ನೊಬ್ಬ ರೈತ ಸಾಯ್ತಾನಾ? ಬಿಡದಿದ್ರೆ ಸರ್ಕಾರ ಉಳಿಯುತ್ತಾ? 1991ರ ಡಿಸೆಂಬರ್‌ನಲ್ಲಿ, ಬಂಗಾರಪ್ಪನವರ ಕಾಲದಲ್ಲಿ, ಬೆಂಗಳೂರು ಹೊತ್ತಿ ಉರಿದದ್ದು ಎಲ್ಲರ ಕಣ್ಣ ಮುಂದೆ ಇತ್ತು. ಬಂಗಾರಪ್ಪ ತಂದ ಸುಗ್ರೀವಾಜ್ಞೆಯನ್ನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ ಅನ್ನೋದೂ ಗೊತ್ತಿತ್ತು. ಅಂದ್ರೆ ಕೃಷ್ಣ ಅವರ ಮುಂದಿದ್ದ ಎರಡು ದಾರಿಯಲ್ಲೂ ಹಿಂದಿನವರ ಗಾಯದ ಗುರುತಿತ್ತು. ಅದನ್ನ ಓದುಗನಿಗೆ ತೋರಿಸದೆ ತೀರ್ಪು ಕೊಟ್ಟರೆ ಅದು ಇತಿಹಾಸ ಆಗಲ್ಲ, ಕಟ್ಟೆ ಮೇಲೆ ಕೂತು ಆಡೋ ಮಾತಾಗುತ್ತೆ.

ಇನ್ನೊಂದು ತಪ್ಪೂ ಇತ್ತು. ನನ್ನ ಅಧ್ಯಾಯದಲ್ಲಿ ಇದ್ದದ್ದು ಒಬ್ಬನೇ ನಾಯಕ. ಆದರೆ ಅವತ್ತು ಮಂಡ್ಯದಲ್ಲಿ ಇನ್ನೊಬ್ಬರಿದ್ದರು, ಕಾವೇರಿ ಹಿತರಕ್ಷಣಾ ಸಮಿತಿಯ ಜಿ. ಮಾದೇಗೌಡರು. ಕಿರುಗಾವಲಿಂದ ಹಲವು ಸಲ ಶಾಸಕರಾಗಿ, ಮಂಡ್ಯದ ಸಂಸದರೂ ಆಗಿದ್ದವರು. ಕಾಂಗ್ರೆಸ್ಸಿನಲ್ಲೇ ಬೆಳೆದು, ಕಾಂಗ್ರೆಸ್ ಸರ್ಕಾರದ ವಿರುದ್ಧವೇ ಬೀದಿಗೆ ಇಳಿದವರು. ಒಬ್ಬರು ಕೋರ್ಟಿಗೆ ಉತ್ತರ ಕೊಡಬೇಕು, ಇನ್ನೊಬ್ಬರು ಗದ್ದೆಯವರಿಗೆ. ಇಬ್ಬರನ್ನೂ ಒಂದೇ ಪುಟದಲ್ಲಿ ನಿಲ್ಲಿಸಿದ ಮೇಲೇ ನನಗೆ ಕಥೆ ಅರ್ಥ ಆಗೋಕೆ ಶುರುವಾಗಿದ್ದು.

ಆದರೂ ಅಧ್ಯಾಯ ಸರಿ ದಾರಿಗೆ ಬಂದಿದ್ದು ಮಳವಳ್ಳಿ ಕಡೆ ಒಂದು ಹಳ್ಳಿಯಲ್ಲಿ. ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು ದಾಟಿ ಅಲ್ಲಿಗೆ ಬರೋ ಹೊತ್ತಿಗೆ ಕೊನೇ ಭಾಗ. ಜಗಲಿ ಮೇಲೆ ಕೂತಿದ್ದ ಹಿರಿಯರೊಬ್ಬರನ್ನ ಕೇಳಿದೆ, “ಗೌಡ್ರೇ, ಕೃಷ್ಣ ಅವತ್ತು ನೀರು ಬಿಟ್ಟಿದ್ದು ತಪ್ಪಾ?” ಅವರು ನನ್ನ ಮುಖ ನೋಡಿ ನಕ್ಕರು.

“ಅಲ್ಲ ಕಣಪ್ಪ, ಅವ್ರು ತಮಿಳ್ನಾಡಿಗೆ ಬಿಟ್ಟಿದ್ದು ಅಕ್ಟೋಬರ್‌ನಾಗೆ. ನಮ್ಮ ಗದ್ದೆ ಒಣಗಿದ್ದು ಅದಕ್ಕೂ ಮುಂಚೆ. ಕಟ್ಟು ನೀರು ಅಂತಾರೆ, ಮೇಲ್ಗಡೆಯೋರು ತಿರುಗಿಸ್ಕೊಂಡ್ರೆ ನಮಗೆ ಬರೋದು ನಾಲೆ ತೇವ ಅಷ್ಟೆ. ನೀನು ಯಾವ ನೀರಿನ ಕಥೆ ಬರೀತಿದ್ದೀಯೋ?”

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಕಡತದಲ್ಲಿ ಇದ್ದದ್ದೆಲ್ಲ ಬಿಳಿಗುಂಡ್ಲು ದಾಟಿ ಹೋದ ನೀರಿನ ಲೆಕ್ಕ. ನಾಲೆ ಕೊನೆಗೆ ಮುಟ್ಟದ ನೀರಿನ ಲೆಕ್ಕ ಇರಲಿಲ್ಲ.

ಈಗ ಮೂರನೇ ಸಲ ಬರೀತಿದ್ದೀನಿ, ದಿನಕ್ಕೊಂದು ಹಾಳೆ. ಒಂದು ಕಡೆ ಆ ದಿನ ವಿಧಾನಸೌಧಕ್ಕೆ ಗೊತ್ತಿದ್ದದ್ದು: ಕೋರ್ಟಿನ ಆದೇಶ, ಕಟ್ಟೆಯ ಮಟ್ಟ, ದಿನಪತ್ರಿಕೆಯ ಸುದ್ದಿ. ಇನ್ನೊಂದು ಕಡೆ ಆ ದಿನ ನಾಲೆ ಕೊನೆಯಲ್ಲಿ ಗೊತ್ತಿದ್ದದ್ದು. ಕೃಷ್ಣ ಅವರ ಆತ್ಮಕಥೆ ‘ಸ್ಮೃತಿವಾಹಿನಿ’ 2020ರಲ್ಲಿ ಬಂತು. ಅದನ್ನೂ ಇಟ್ಟುಕೊಂಡಿದ್ದೀನಿ. ಆದರೆ ವರ್ಷಗಳಾದ ಮೇಲಿನ ನೆನಪನ್ನ ಅವತ್ತಿನ ಮನಸ್ಸು ಅಂತ ಬರೆಯಬಾರದು. ಹಳ್ಳಿಯವರ ನೆನಪಿಗೂ ಇದೇ ನಿಯಮ.

2004ರ ಚುನಾವಣೆಗೆ ಕೃಷ್ಣ ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಗೆ ಹೋದರು. ಅವರು ಗೆದ್ದರು, 224ರಲ್ಲಿ ಕಾಂಗ್ರೆಸ್ಸಿಗೆ ಬಂದಿದ್ದು 65. ನೀರಿಂದಲೇ ಸೋತರು ಅಂತ ಬರೆಯೋದು ಸುಲಭ, ನಾನು ಬರೆಯಲ್ಲ. ಬರ ಇತ್ತು, ಇನ್ನೂ ಹತ್ತು ಕಾರಣ ಇದ್ದವು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನ 284.75 ಟಿಎಂಸಿ ಅಂತ ತೀರ್ಮಾನ ಮಾಡಿತು. ಆದರೂ ಮಳೆ ಕೈಕೊಟ್ಟ ವರ್ಷ ಅದೇ ಜಗಳ, ಅದೇ ಹೆದ್ದಾರಿ ತಡೆ.

ಮುಂದೆ ಯಾರೋ ಒಬ್ಬ ಮುಖ್ಯಮಂತ್ರಿ ಮತ್ತೆ ಅದೇ ಕುರ್ಚಿಯಲ್ಲಿ, ಅಂಥದ್ದೇ ಆದೇಶ ಕೈಯಲ್ಲಿ ಹಿಡಿದು ಕೂರ್ತಾರೆ. ಅವರಿಗೆ ಬೇಕಾಗಿರೋದು ಹೊಗಳಿಕೆಯ ಪುಸ್ತಕಾನೂ ಅಲ್ಲ, ಬೈಗುಳದ ಪುಸ್ತಕಾನೂ ಅಲ್ಲ. ಹಿಂದೆ ಕೂತವರಿಗೆ ಆ ದಿನ ಏನು ಕಾಣ್ತಿತ್ತು, ಏನು ಕಾಣಲಿಲ್ಲ ಅನ್ನೋದು. ಅಧ್ಯಾಯ ಮುಗಿದ ದಿನ ಮಳವಳ್ಳಿಗೆ ಹೋಗಿ ಆ ಹಿರಿಯರಿಗೆ ಓದಿ ಹೇಳಬೇಕು ಅಂತಿದ್ದೀನಿ. ಅವರು ಒಪ್ಪಿದ್ರೆ ಅಚ್ಚಿಗೆ. ಇಲ್ಲದಿದ್ರೆ ನಾಲ್ಕನೇ ಸಲ.