ಫ್ಲೀಟ್ ವಾಕರ್: 42 ಪಂದ್ಯಗಳ ಕ್ಯಾಚರ್

ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ ಬೇಸ್‌ಬಾಲ್‌ನಲ್ಲಿ ಬ್ಯಾಟುಗಾರನ ಬೆನ್ನಹಿಂದೆ ನಿಲ್ಲುವವನು ಕ್ಯಾಚರ್. ಅವನಿಗೆ ಇನ್ನೊಂದು ಹೊಣೆಯೂ ಉಂಟು: ಮುಂದಿನ ಚೆಂಡು ಎಂಥದ್ದು ಬರಲಿ ಎಂದು ಚೆಂಡೆಸೆಯುವ ಪಿಚರ್‌ಗೆ ಸನ್ನೆ ಮಾಡುವುದು. ಆ ಸನ್ನೆಯನ್ನು ಪಿಚರ್ ಬೇಕೆಂದೇ ನೋಡದಿದ್ದರೆ?

ಮೋಸೆಸ್ ಫ್ಲೀಟ್‌ವುಡ್ ವಾಕರ್ ಅಮೆರಿಕದ ಓಹಾಯೋದವನು, ಕಪ್ಪು ಜನಾಂಗದವನು, ಓಬರ್ಲಿನ್ ಕಾಲೇಜಿನಲ್ಲಿ ಓದಿದವನು. 1883ರಲ್ಲಿ ಟೊಲಿಡೊ ತಂಡ ಸೇರಿದ. ಆ ಆಗಸ್ಟ್‌ನಲ್ಲಿ ಪ್ರದರ್ಶನ ಪಂದ್ಯಕ್ಕೆ ಬಂದ ಶಿಕಾಗೊ ತಂಡದ ನಾಯಕ ಕ್ಯಾಪ್ ಆನ್ಸನ್, ಇವನಿದ್ದರೆ ನಾವು ಆಡುವುದಿಲ್ಲ ಎಂದು ಪಟ್ಟು ಹಿಡಿದ. ತಮಾಷೆಯೆಂದರೆ, ಕೈನೋವಿದ್ದ ವಾಕರ್‌ಗೆ ಅಂದು ವಿಶ್ರಾಂತಿಯೆಂದೇ ಗೊತ್ತಾಗಿತ್ತು. ರೇಗಿದ ಟೊಲಿಡೊ ಮ್ಯಾನೇಜರ್ ಚಾರ್ಲಿ ಮಾರ್ಟನ್ ಅವನನ್ನು ಔಟ್‌ಫೀಲ್ಡ್‌ಗೆ ಇಳಿಸಿಯೇಬಿಟ್ಟ. ಆಡದಿದ್ದರೆ ಟಿಕೆಟ್ ಹಣದಲ್ಲಿ ಪಾಲಿಲ್ಲ ಎಂದಾಗ ಆನ್ಸನ್ ಗೊಣಗುತ್ತಲೇ ಆಡಿದ.

ಮರುವರ್ಷ ಟೊಲಿಡೊ ಬೇಸ್‌ಬಾಲ್‌ನ ಅತ್ಯುನ್ನತ ದರ್ಜೆಯಾದ ಮೇಜರ್ ಲೀಗ್ ಮಟ್ಟಕ್ಕೇರಿತು. 1884ರ ಮೇ 1ರಂದು ಲೂಯಿವಿಲ್‌ನಲ್ಲಿ ವಾಕರ್ ಮೊದಲ ಪಂದ್ಯವಾಡಿದ. ಆಗ ಪಿಚರ್ ಎಸೆಯುತ್ತಿದ್ದುದು ಬರೀ 50 ಅಡಿ ದೂರದಿಂದ. ಇಂದಿನ ದಪ್ಪ ಮೆತ್ತೆಯ ಕೈಗವಸು ಇನ್ನೂ ಬಂದಿರಲಿಲ್ಲ. ಬರಿಗೈಯೋ, ತೆಳು ಚರ್ಮವೋ, ಅಷ್ಟೇ. ತಂಡದ ಮುಖ್ಯ ಪಿಚರ್ ಟೋನಿ ಮಲೇನ್. ಎಷ್ಟೋ ವರ್ಷಗಳ ಮೇಲೆ ಅವನೇ ಒಪ್ಪಿಕೊಂಡ: ತಾನು ಕಂಡ ಕ್ಯಾಚರ್‌ಗಳಲ್ಲಿ ವಾಕರ್‌ಗೆ ಸಮನಿಲ್ಲ, ಆದರೆ ಕರಿಯನೆಂಬ ಕಾರಣಕ್ಕೆ ಅವನ ಸನ್ನೆಗೆ ಸೊಪ್ಪು ಹಾಕುತ್ತಿರಲಿಲ್ಲ. ಒಮ್ಮೆ ತಿರುವಿನ ಚೆಂಡು ಕೇಳಿದರೆ ಮಲೇನ್ ವೇಗದ್ದು ಬಿಟ್ಟ. ವಾಕರ್ ಅದನ್ನೂ ಹಿಡಿದ. ನೇರ ಅವನ ಬಳಿ ನಡೆದುಬಂದು, ಸನ್ನೆಯಿಲ್ಲದೆಯೇ ಹಿಡಿಯುತ್ತೇನೆ, ಸನ್ನೆ ಮಾಡಿದಾಗ ಮೋಸ ಮಾಡಬೇಡ ಎಂದ. ಆ ಋತುವಿನ ಉಳಿದ ದಿನಗಳಲ್ಲೆಲ್ಲ, ಬರುವ ಚೆಂಡು ಯಾವುದೆಂದು ತಿಳಿಯದೆಯೇ ಹಿಡಿದ! ಗಾಯಗಳು ಬೆನ್ನು ಬಿಡಲಿಲ್ಲ, ಪಕ್ಕೆಲುಬೂ ಮುರಿಯಿತು. 42 ಪಂದ್ಯ, .263 ಬ್ಯಾಟಿಂಗ್ ಸರಾಸರಿ. ಅಲ್ಲಿಗೆ ಮೇಜರ್ ಲೀಗ್ ಮುಗಿಯಿತು.

ಕೆಳಗಿನ ಲೀಗ್‌ಗಳಲ್ಲಿ 1889ರವರೆಗೂ ಆಡಿದ. ಅಷ್ಟರಲ್ಲಿ, 1887ರ ಜುಲೈ 14ರಂದು, ಕಪ್ಪು ಆಟಗಾರರಿಗೆ ಹೊಸ ಕರಾರು ಬೇಡವೆಂದು ಅವುಗಳಲ್ಲೊಂದಾದ ಇಂಟರ್‌ನ್ಯಾಷನಲ್ ಲೀಗ್‌ನ ನಿರ್ದೇಶಕರು ಬಫಲೋದಲ್ಲಿ ಮತ ಹಾಕಿದ್ದರು. ಮೇಜರ್ ಲೀಗ್‌ನಲ್ಲಂತೂ ಇಂಥ ನಿಯಮವನ್ನು ಬರೆದಿಡುವ ಗೋಜಿಗೂ ಯಾರೂ ಹೋಗಲಿಲ್ಲ, 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬರುವವರೆಗೆ ಆ ಬಹಿಷ್ಕಾರ ಹಾಗೆಯೇ ನಡೆಯಿತು.

ಮುಂದೆ ವಾಕರ್ ಓಹಾಯೋದಲ್ಲಿ ರಂಗಮಂದಿರ ನಡೆಸಿದ. 1908ರಲ್ಲಿ ಒಂದು ಪುಸ್ತಕ ಬರೆದ. ಕಪ್ಪು ಜನರಿಗೆ ಅಮೆರಿಕದಲ್ಲಿ ಬಾಳಿಲ್ಲ, ಆಫ್ರಿಕಕ್ಕೆ ಮರಳುವುದೇ ಸರಿ ಎಂಬುದು ಅದರ ವಾದ. ಬಿಳಿಯರ ತಂಡಗಳಲ್ಲೇ ಆಡಿ ಬಂದವನ ಮಾತಿದು.